ಆ ರಾತ್ರಿ ಏನು ಉಂಡ್ರಿ?

ಭಾನುವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಕೂತಿದೆ. "ಅಮ್ಮಾ, ಆ ರಾತ್ರಿ ಏನು ಉಂಡ್ರಿ?" ನಮ್ಮ ದೊಡ್ಡವ್ವನನ್ನು ಮಾತಾಡಿಸಲು ಕೊಪ್ಪಳದಿಂದ ಬಂದಿದ್ದ ಹುಡುಗಿ ಕೇಳಿದ್ದು.

ದೊಡ್ಡವ್ವನ ತವರು ಅಳವಂಡಿ ಕಡೆ. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಭಾಗ ಹೈದರಾಬಾದಿನ ನಿಜಾಮನ ಕೈಯಲ್ಲೇ ಇತ್ತು. ನಿಜಾಮನ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿ ಜಾಸ್ತಿಯಾದಾಗ ಅವಳ ತವರಿನವರು ರಾತ್ರೋರಾತ್ರಿ ಮುಂಡರಗಿ ಸೇರಿದರು. ಮುಂಡರಗಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ನಿಜಾಮನ ಗಡಿಯ ಆಚೆ. ನಿಜಾಮನ ವಿರುದ್ಧ ಹೋರಾಡಿದ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ ಇದ್ದದ್ದೂ ಅಲ್ಲೇ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. ಇಷ್ಟು ನಮ್ಮನೆ ಮಕ್ಕಳಿಗೂ ಗೊತ್ತು. ಆ ತಿಂಗಳು ಬಂತೆಂದರೆ ಯಾರಾದರೂ ಕ್ಯಾಮೆರಾ ಹಿಡಿದು ಬರುವುದೂ ಇದೆ.

ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. "ಆಗ ನಿಮಗೆ ತುಂಬಾ ಭಯ ಆಗಿರಬೇಕು, ಅಲ್ವಾ ಅಜ್ಜಿ?" ಅಂದ. "ಹೂಂ ತಮ್ಮಾ" ಅಂದಳು ದೊಡ್ಡವ್ವ. "ಎಲ್ಲಾ ಬಿಟ್ಟು ಓಡಿ ಬಂದ್ರಿ, ಅಲ್ವಾ?" ಮತ್ತೆ "ಹೂಂ". ಹುಡುಗ ಒಳ್ಳೆಯವನೇ. ಆದರೆ ಪ್ರಶ್ನೆಯ ಜೊತೆ ಉತ್ತರವನ್ನೂ ಅವನೇ ತಂದಿದ್ದ.

ಈ ಹುಡುಗಿ ಬಂದವಳೇ ರೆಕಾರ್ಡರ್ ತೆಗೆಯಲಿಲ್ಲ. ದೊಡ್ಡವ್ವ ಶೇಂಗಾ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ತಾನೂ ಸುಲಿದಳು. ಎಷ್ಟೋ ಹೊತ್ತಿನ ಮೇಲೆ, "ನಿಮ್ಮ ಮಾತು ಇದ್ರಾಗ ಹಿಡಕೊಳ್ಳಲೇನ್ರಿ ಅಮ್ಮಾ? ಬ್ಯಾಡ ಅಂದ್ರ ಆಗಿಂದಾಗ ಬಂದ್ ಮಾಡ್ತೀನಿ" ಅಂದಳು. ಆಮೇಲೆ ಊಟದ ಪ್ರಶ್ನೆ.

ದೊಡ್ಡವ್ವ ಸುಮ್ಮನಾದಳು. ಹುಡುಗಿಯೂ ಸುಮ್ಮನಾದಳು. ನನ್ನ ಅಣ್ಣನ ಮಗನಿಗೆ ತಡೆಯಲಾಗಲಿಲ್ಲ. "ಬುತ್ತಿ ಕಟ್ಕೊಂಡಿದ್ರಲ್ಲಮ್ಮಾ" ಅಂತ ಬಾಯಿ ಹಾಕಿದ. ಎಲ್ಲಿ ಹೋದರೂ ಅವನೇ ಮಾತಾಡಬೇಕು. ಹುಡುಗಿ ನಗುತ್ತಲೇ ಅವನಿಗೆ ಕೈ ಅಡ್ಡ ಹಿಡಿದಳು. ಕಣ್ಣು ಮಾತ್ರ ದೊಡ್ಡವ್ವನ ಮೇಲೇ ಇತ್ತು.

"ಉಣ್ಣಾಕ ಎಲ್ಲಿತ್ತವ್ವಾ? ನಮ್ಮವ್ವ ರೊಟ್ಟಿ ಬಡೀತಿದ್ಲು. ಹಂಚಿನ ಮ್ಯಾಲಿನ ರೊಟ್ಟಿ ಹಂಗಽ ಬಿಟ್ಟು ಎದ್ವಿ. ಎಮ್ಮಿ ಗಬ್ಬ ಇತ್ತು. ದಾರಿ ತುಂಬಾ ನನಗ ಅದರದಽ ಚಿಂತಿ."

"ಆಮ್ಯಾಲ?"

"ಪಿಂಜಾರ ಓಣಿ ಮುದುಕಿ ತನ್ನ ಮನಿಗೆ ಹೊಡಕೊಂಡು ಹೋಗಿ ಮೇವು ಹಾಕಿದ್ಲವ್ವಾ. ನಾವು ತಿರುಗಿ ಬಂದಾಗ ಎಮ್ಮಿ, ಕರ ಎರಡೂ ತಂದು ನಮ್ಮ ಗ್ವಾದ್ಲಿಗೆ ಕಟ್ಟಿ ಹೋದ್ಲು."

ಚಿಕ್ಕಂದಿನಿಂದ ಅವಳ ಕೈಯ ರೊಟ್ಟಿ ತಿಂದು ಬೆಳೆದವನು ನಾನು. ಈ ಎಮ್ಮೆಯ ಸುದ್ದಿ ಕೇಳಿದ್ದು ಇದೇ ಮೊದಲು. ಮನೆಯಲ್ಲಿ ಯಾರೂ ಕೇಳಿರಲಿಲ್ಲ. ರಜಾಕಾರರು ಅಂದ ಕೂಡಲೇ ಯಾರು ಹೊಡೆದರು, ಯಾರು ಹೊಡೆಸಿಕೊಂಡರು ಅನ್ನುವಷ್ಟಕ್ಕೇ ನಮ್ಮ ಮಾತು ನಿಂತುಬಿಡುತ್ತದೆ. ಹತ್ತಿ ಹಿಂಜುವ ಮುಸ್ಲಿಮರ ಆ ಪಿಂಜಾರ ಓಣಿಯ ಮುದುಕಿ ಅದರೊಳಗೆ ಬರುವುದೇ ಇಲ್ಲ. "ಭಯ ಆಯ್ತಾ" ಅಂತ ಇನ್ನೂ ನೂರು ಸಲ ಕೇಳಿದ್ದರೂ ಆಕೆ ಹೊರಗೆ ಬರುತ್ತಿರಲಿಲ್ಲ.

ಹಾಗಂತ ದೊಡ್ಡವ್ವ ಹೇಳಿದ್ದನ್ನೆಲ್ಲ ಹುಡುಗಿ ಕಣ್ಣುಮುಚ್ಚಿ ಬರೆದುಕೊಳ್ಳಲಿಲ್ಲ. ದೊಡ್ಡವ್ವನಿಗೆ ತಾರೀಕು, ತಿಂಗಳು ಗೊತ್ತಿಲ್ಲ. ಅದನ್ನು ಕೇಳಿ ಅವಳನ್ನು ಪೇಚಿಗೆ ಸಿಕ್ಕಿಸಲೂ ಇಲ್ಲ. "ಹೊಲದಾಗ ಜ್ವಾಳ ಹೆಂಗಿತ್ರಿ?" ಅಂದಳು. "ಸೀತನಿ ತಿನ್ನೋ ಕಾಲ" ಅಂದಳು ದೊಡ್ಡವ್ವ. ಹಿಂಗಾರಿ ಜೋಳದ ತೆನೆ ಹಾಲುಗಾಳು ಆಗುವ ಹೊತ್ತು. ಅಂದರೆ 1948ರ ಜನವರಿಯ ಆಸುಪಾಸು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಬೇರೆ ದಾರಿಯಿಂದ ಕೇಳಿದಳು. ದಾರಿಯಲ್ಲಿ ಚಳಿ ಇತ್ತಾ ಅಂತ. ಇತ್ತು.

ಸಂದರ್ಶನ ಮಾಡುವುದು ದೊಡ್ಡ ಅಧಿಕಾರ ಅಂತ ನನಗೆ ಈಗ ಅನಿಸುತ್ತಿದೆ. ಕೆಲಸಕ್ಕೆ ತೆಗೆದುಕೊಳ್ಳುವವರು, ಮನೆ ಮನೆಗೆ ಸಮೀಕ್ಷೆಗೆ ಬರುವವರು, ಆಸ್ಪತ್ರೆಯಲ್ಲಿ "ಏನಾಗುತ್ತೆ" ಅನ್ನುವವರು, ಎಲ್ಲರ ಕೈಯಲ್ಲೂ ಅದಿದೆ. ಎದುರಿಗಿರುವವರ ಬದುಕಿನಲ್ಲಿ ಯಾವುದು ಕಾಗದಕ್ಕೆ ಇಳಿಯಬೇಕು, ಯಾವುದು ಅವರ ಜೊತೆಗೇ ಹೋಗಬೇಕು ಅನ್ನುವುದನ್ನು ಕೇಳುವವರೇ ತೀರ್ಮಾನ ಮಾಡುತ್ತಾರೆ. ಶಿಬಿರ ನಡೆಸಿದವರ ಹೆಸರು ಪುಸ್ತಕದಲ್ಲಿದೆ, ಇರಲೇಬೇಕು. ಅಂಥವರ ಬೆನ್ನಿಗೆ ಎಷ್ಟು ಮನೆಗಳ ಹಂಚಿನ ಮೇಲೆ ರೊಟ್ಟಿ ಸೀದುಹೋಯಿತೋ, ಅದನ್ನು ಹೆಂಗಸರ ಹತ್ತಿರ ಕೂತು ಕೇಳಿದವರು ತೀರಾ ಕಡಿಮೆ. ಆಗ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಬಂದಿದ್ದಾರೆ.

ನಮ್ಮೂರಲ್ಲಿ ಆ ಕಾಲ ಕಂಡವರು ಇನ್ನೂ ಇಬ್ಬರಿದ್ದಾರೆ. ಒಬ್ಬರಿಗೆ ಕಿವಿ ಮಂದ ಆಗುತ್ತಿದೆ. ಮೊದಲು ಅವರ ಹತ್ತಿರ ಬಾ ತಂಗಿ ಅಂತ ನಿನ್ನೆ ಆ ಹುಡುಗಿಗೆ ಫೋನ್ ಮಾಡಿದೆ. ಶನಿವಾರ ಬರುತ್ತಾಳಂತೆ.