ಸಿಮ್ಯುಲೇಟರ್‌ನಲ್ಲಿ ವಿಮಾನವನ್ನು ನೆಲಕ್ಕೆ ಬಡಿದಂತೆ ಇಳಿಸಿದಿರಿ, ಸರಿ. ವರದಿ ಬರೆದಿರಾ?

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಹಾಗಾಗಿ ಮಡಿಕೇರಿ, ವಿರಾಜಪೇಟೆ ಕಡೆ ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ವಿಮಾನ ಹಾರಿಸುವವರಿಗೆ ಮಂಗಳೂರು ಇಲ್ಲವೇ ಕಣ್ಣೂರೇ ತವರು. ವರ್ಚುವಲ್ ಏರ್‌ಲೈನ್ (ಸಿಮ್ಯುಲೇಟರ್‌ನಲ್ಲೇ ವಿಮಾನಯಾನ ಸಂಸ್ಥೆಯಂತೆ ಹಾರುವ ಹವ್ಯಾಸಿಗಳ ತಂಡ) ಸೇರಿದವರು ಹಾರಾಟವನ್ನೇನೋ ಚೆನ್ನಾಗಿ ಕಲಿಯುತ್ತಾರೆ. ಎಡವಟ್ಟಾದಾಗ ಮಾತ್ರ ವರದಿ ಬರೆಯುವುದಿಲ್ಲ. ಹಾರಾಟದ ಅಂಕಿಗಳನ್ನು ದಾಖಲಿಸಿ ತಂಡಕ್ಕೆ ಕಳಿಸುವ ಎಕಾರ್ಸ್ ತಂತ್ರಾಂಶ ಎಲ್ಲ ಕಳಿಸುತ್ತದಲ್ಲ ಎನ್ನುತ್ತಾರೆ. ಅದಕ್ಕೆ ಅಂಕಿ ಗೊತ್ತು, ಕಾರಣ ಗೊತ್ತಿಲ್ಲ.

ಉದಾಹರಣೆಗೆ ಲ್ಯಾಂಡಿಂಗ್ ರೇಟ್, ಅಂದರೆ ನೆಲ ಮುಟ್ಟುವಾಗ ವಿಮಾನ ಕೆಳಗಿಳಿಯುತ್ತಿದ್ದ ವೇಗ. ನಿಮಿಷಕ್ಕೆ 650 ಅಡಿ ಎಂದು ತೋರಿಸಿದ ಕೂಡಲೇ ಬೈಯುವ ತಂಡಗಳಿವೆ. ಆದರೆ ಇಳಿಯುವ ಹೊತ್ತಿಗೆ ಫ್ರೇಮ್ ರೇಟ್ (ಪರದೆಯಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳು) 15ಕ್ಕೆ ಬಿದ್ದಿದ್ದರೆ ಆ ಅಂಕಿಯನ್ನು ನಂಬುವ ಹಾಗಿಲ್ಲ. ಮಂಗಳೂರಿನಲ್ಲಿ ಇನ್ನೊಂದು ತೊಡಕು: ರನ್‌ವೇ ಗುಡ್ಡದ ತಲೆಯ ಮೇಲಿದೆ. ಕಣಿವೆ ದಾಟುವಾಗ, ಕೆಳಗಿನ ನೆಲದಿಂದ ಎತ್ತರ ಅಳೆಯುವ ರೇಡಿಯೊ ಆಲ್ಟಿಮೀಟರ್ ಹೆಚ್ಚು ಎತ್ತರ ತೋರಿಸಿ, ಗುಡ್ಡದಂಚು ಬಂದೊಡನೆ ಒಮ್ಮೆಲೇ ಕುಸಿಯುತ್ತದೆ. ಅದು ಕೂಗಿ ಹೇಳುವ ಎತ್ತರ ಕೇಳಿಕೊಂಡು ಫ್ಲೇರ್ ಮಾಡುವವರು (ನೆಲ ಮುಟ್ಟುವ ಮುನ್ನ ಮೂತಿ ಎತ್ತುವವರು) ತಡಮಾಡುವುದು ಇಲ್ಲೇ. ಸೀನರಿಯ (ಸಿಮ್ಯುಲೇಟರ್‌ಗೆ ಹಾಕಿಕೊಂಡ ನಿಲ್ದಾಣದ ಚಿತ್ರಣದ) ರನ್‌ವೇಗೂ ಭೂಮೇಲ್ಮೈಗೂ ಎತ್ತರ ಹೊಂದದಿದ್ದರೆ ಚಕ್ರ ಹೂತು ಪುಟಿಯುವುದೂ ಉಂಟು. ಹಾಗಾಗಿ ಸೀನರಿಯ ಹೆಸರು, ಆವೃತ್ತಿ, ಫ್ರೇಮ್ ರೇಟ್ ಮೂರೂ ವರದಿಯಲ್ಲಿರಲೇಬೇಕು.

ನಿಜವಾಗಿ ಹಿಡಿಯಬೇಕಾದದ್ದು ಅದಕ್ಕೂ ಮೊದಲಿನದು. 1000 ಅಡಿಯಲ್ಲಿ ಗೇರ್ (ಚಕ್ರ), ಫ್ಲಾಪ್ (ಇಳಿಯುವಾಗ ಚಾಚುವ ರೆಕ್ಕೆಯ ಭಾಗ) ಸಿದ್ಧವಿತ್ತೇ? ವೇಗ ಎಷ್ಟಿತ್ತು? ಇಳಿತ ನಿಮಿಷಕ್ಕೆ 1000 ಅಡಿ ಮೀರಿತ್ತೇ? ಮೂರು ಡಿಗ್ರಿ ಇಳಿಜಾರಿಗೆ ನೆಲವೇಗವನ್ನು ಐದರಿಂದ ಗುಣಿಸಿ: 140 ನಾಟ್‌ಗೆ ನಿಮಿಷಕ್ಕೆ 700 ಅಡಿ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತ ದುರಂತದಲ್ಲೂ ವಿಮಾನ ಎತ್ತರದಿಂದ, ಅಸ್ಥಿರವಾಗಿ ಬಂದು ರನ್‌ವೇಯ ಅರ್ಧ ದಾಟಿದ ಮೇಲೆ ನೆಲ ಮುಟ್ಟಿತ್ತು. ಸಹಪೈಲಟ್ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರಿ) ಎಂದು ಮೂರು ಸಲ ಹೇಳಿದ್ದರು. ಗೋ ಅರೌಂಡ್‌ಗೆ ಅಂಕ ಕಡಿಯುವ ತಂಡ ಇದ್ದರೆ ಆ ನಿಯಮವನ್ನು ಇವತ್ತೇ ತೆಗೆದುಹಾಕಿ.

ಮಳೆಗಾಲದಲ್ಲಿ ಪದೇಪದೇ ಆಗುವ ತಪ್ಪು ಕ್ಯೂಎನ್‌ಎಚ್, ಅಂದರೆ ಎತ್ತರಮಾಪಕಕ್ಕೆ ಇಡಬೇಕಾದ ಗಾಳಿಯೊತ್ತಡದ ಅಂಕಿ. ಒತ್ತಡ 1005 ಹೆಕ್ಟೊಪಾಸ್ಕಲ್ ಇದ್ದು ನೀವು 1013ರಲ್ಲೇ ಬಿಟ್ಟರೆ ವಿಮಾನ ತೋರಿಸಿದ್ದಕ್ಕಿಂತ ಸುಮಾರು 220 ಅಡಿ ಕೆಳಗಿರುತ್ತದೆ. ಕಂಟ್ರೋಲರ್ ಕೊಟ್ಟ ಅಂಕಿ, ನೀವು ಇಟ್ಟ ಅಂಕಿ, ಸಿಮ್ಯುಲೇಟರ್ ಹವಾಮಾನದ ಅಂಕಿ, ಮೂರನ್ನೂ ಬೇರೆಬೇರೆ ಬರೆಯಿರಿ. ಸಮಯ ಝುಲುವಿನಲ್ಲೇ (ಜಾಗತಿಕ ಪ್ರಮಾಣ ಸಮಯದಲ್ಲೇ) ಇರಲಿ: ನಮ್ಮ ರಾತ್ರಿ 7.40 ಅಂದರೆ 14.10.

ಇನ್ನು ಕರೆಂಟ್. ಜೂನ್ ಬಂತೆಂದರೆ ಲೈನ್ ಮೇಲೆ ಮರ ಬೀಳುವುದು ಇದ್ದದ್ದೇ. 600 ವಿಎ ಯುಪಿಎಸ್ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿಯ ಪೂರ್ತಿ ಲೋಡ್ ತಡೆಯದೆ ಕೈಕೊಡಬಹುದು. ರೂಟರ್‌ಗೆ ಬೇರೆಯೇ ಮಿನಿ ಯುಪಿಎಸ್ ಇರಲಿ. ಇಂಥ ಕಡಿತವನ್ನು "ತಾಂತ್ರಿಕ" ಎಂದು ಗುರುತಿಸಿ, ಪೈಲಟ್ ಲೆಕ್ಕಕ್ಕೆ ಹಚ್ಚಬೇಡಿ.

ತೋಟದವರು ಮಳೆಮಾಪಕ ನೋಡಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಪುಸ್ತಕಕ್ಕೆ ಬರೆಯುವಾಗ ಮಳೆ ಯಾರ ತಪ್ಪೆಂದು ಕೇಳುವುದಿಲ್ಲ. ವರದಿಗೂ ಅದೇ ದನಿ ಸಾಕು. ಅದೇ ರಾತ್ರಿ, ಎಂಟು ಹತ್ತು ಸಾಲು.

ಹೆಸರಿನ ವಿಷಯದಲ್ಲಿ ಎಚ್ಚರ. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುತ್ತಿರುವ, ವಿಮಾನ ಸುರಕ್ಷತೆಯ ವರದಿ ಪಡೆಯುವ ಎಎಸ್‌ಆರ್‌ಎಸ್ ವ್ಯವಸ್ಥೆ ವರದಿಯಿಂದ ಗುರುತನ್ನು ಅಳಿಸಿಯೇ ಹಂಚುತ್ತದೆ. ನಮ್ಮಲ್ಲಿ ಬರೀ ಹೆಸರು ಅಳಿಸಿದರೆ ಸಾಲದು. ಮನೆತನದ ಹೆಸರಿನಿಂದಲೇ ಊರು ಪತ್ತೆ ಹಚ್ಚುವ ನಾಡಿದು. ಕಾಲ್‌ಸೈನ್ (ರೇಡಿಯೊದಲ್ಲಿ ವಿಮಾನವನ್ನು ಕರೆಯುವ ಹೆಸರು), ತಾರೀಕು, "ಗೋಣಿಕೊಪ್ಪದಲ್ಲಿ ಕರೆಂಟ್ ಹೋಯಿತು" ಎಂಬ ಸಾಲು, ಎಲ್ಲವನ್ನೂ ತೆಗೆದ ಮೇಲೆಯೇ ತಂಡದ ಮುಂದಿಡಿ.