ಕೊಳದ ಡೈರಿ: ಕೊನೆಗೂ ನಾಣ್ಯ ಕಂಡಿತು

ಇವತ್ತು ಬೆಳಿಗ್ಗೆ ಆರೂವರೆಗೆ ನಮ್ಮ ಮನೆಯ ಈಜುಕೊಳದ ಆಚೆ ತುದಿಗೆ ಹತ್ತು ರೂಪಾಯಿ ನಾಣ್ಯ ಎಸೆದೆ. ತಳಕ್ಕೆ ಹೋಗಿ ಕೂತಿತು. ಸಿಂಹ ಮೇಲೋ ಅಂಕಿ ಮೇಲೋ ಅಂತ ದಡದಲ್ಲಿ ನಿಂತೇ ಹೇಳಬಹುದಿತ್ತು. ಮೇ ಮೂರನೇ ವಾರದಿಂದ ಇದೇ ಕೊಳದಲ್ಲಿ ನನಗೆ ಎರಡನೇ ಮೆಟ್ಟಿಲೂ ಕಾಣುತ್ತಿರಲಿಲ್ಲ.

ಹೊಸಬರಿಗೆ ಒಂದು ಮಾತು. ಉದ್ದ 6 ಮೀಟರ್, ಅಗಲ 3, ನೀರಿನ ಆಳ 1.2. ಒಟ್ಟು 21,600 ಲೀಟರ್. ಪುತ್ತೂರು ಕಡೆಯ ಮುರಕಲ್ಲಿನ (ಜಂಬಿಟ್ಟಿಗೆ) ಜಾಗ, ಪಕ್ಕದಲ್ಲಿ ಅಡಿಕೆ ತೋಟ, ಹತ್ತು ಮಾರು ದೂರದಲ್ಲಿ ಬಾವಿ. ಈ ಬಾವಿ ನೆನಪಿರಲಿ, ಮುಂದೆ ಬರುತ್ತದೆ. ಫಿಲ್ಟರ್ ತೊಳೆಯುವ ಬ್ಯಾಕ್‌ವಾಶ್, ವ್ಯಾಕ್ಯೂಮ್, ಬ್ರಷ್ ಕಥೆ ಬರೆಯುವುದಿಲ್ಲ. ನಿಮಗೂ ಗೊತ್ತು, ನನಗೂ ಬೇಸರ.

ಸಮಸ್ಯೆ ಇಷ್ಟೇ. ನೀರು ಪರೀಕ್ಷೆಯ ಕಿಟ್ಟಿನಲ್ಲಿ ಕ್ಲೋರಿನ್ ಇದೆ ಅಂತ ತೋರಿಸುತ್ತಿತ್ತು, ನೀರು ಮಾತ್ರ ಹಸಿರು. ಮೊದಲು ತಿಳಿ ಹಸಿರು. ಆಮೇಲೆ ಒಂದೆಲಗದ ತಂಬುಳಿ. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ: ಇನ್ನೆರಡು ಕ್ಲೋರಿನ್ ಬಿಲ್ಲೆ ಹಾಕಿದೆ. ಪಟಿಕ ಕದಡಿ ಹಾಕಿದೆ. ಪಾಚಿ ಔಷಧಿಯ ಒಂದು ಇಡೀ ಬಾಟಲಿ ಹೊಯ್ದೆ. ಪಂಪು ಹಗಲು ರಾತ್ರಿ ಓಡಿತು. ಕರೆಂಟ್ ಬಿಲ್ಲಿನ ಸುದ್ದಿ ಇಲ್ಲಿ ಬೇಡ, ಮನೆಯವಳು ಇದನ್ನು ಓದುತ್ತಾಳೆ.

ಭಾವ ಬಂದವನು ನೋಡಿ, 'ಮೈಲುತುತ್ತ ಉಂಟಲ್ಲ ಮಾರಾಯ, ಒಂದು ಹಿಡಿ ಹಾಕು' ಅಂದ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದರಿಂದ ಮಾಡಿದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆಯುವ ಮನೆಗಳಲ್ಲಿ ಎಲ್ಲ ರೋಗಕ್ಕೂ ಅದೇ ಮದ್ದು. ಪಾಚಿ ಸಾಯುತ್ತದೆ, ಸುಳ್ಳಲ್ಲ. ಆದರೆ ತಾಮ್ರ ನೀರಲ್ಲೇ ಉಳಿಯುತ್ತದೆ. ಟೈಲ್ಸ್ ಸಂದಿಗೆ ಕಲೆ ಬರುತ್ತದೆ, ತಿಳಿ ಬಣ್ಣದ ಕೂದಲು ಹಸಿರಾಗುತ್ತದೆ. ಅಜ್ಜನ ಬಿಳಿ ಕೂದಲು ನೆನಪಾಗಿ ಬೇಡ ಅಂದೆ. ಕೊಳ ತೆರೆದಿದ್ದರೆ ಅವರು ದಿನಾ ಸಂಜೆ ಕಾಲು ಇಳಿಬಿಟ್ಟು ಕೂರುತ್ತಾರೆ. ನಡುನಡುವೆ ತಲೆಯನ್ನೂ ಅದ್ದುತ್ತಾರೆ.

ಬದಲಿಗೆ ಜೂನ್ ಮೊದಲ ವಾರ ಎರಡು ಕಿಲೋ ಬ್ಲೀಚಿಂಗ್ ಪೌಡರ್ ಹಾಕಿದೆ. ಗಂಟೆ ಬಿಟ್ಟು, ಕ್ಲೋರಿನ್ ಇದ್ದರೆ ಗುಲಾಬಿಯಾಗುವ ಡಿಪಿಡಿ ಪರೀಕ್ಷೆಯ ಪುಡಿಯಲ್ಲಿ ನೋಡಿದರೆ ಬಣ್ಣವೇ ಇಲ್ಲ. ಸೊನ್ನೆ! ಇನ್ನೆರಡು ಕಿಲೋ ಹಾಕಿದೆ. ಮತ್ತೆ ಸೊನ್ನೆ. ಮೂರನೇ ಸಲ ನೋಡುವಾಗ ಕಣ್ಣಿಗೆ ಬಿತ್ತು: ಪುಡಿ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾಗುತ್ತಿತ್ತು. ಕ್ಲೋರಿನ್ ಇಲ್ಲ ಅಂತಲ್ಲ, ಪರೀಕ್ಷೆಯ ಬಣ್ಣವನ್ನೇ ಒಗೆದು ಬಿಳಿ ಮಾಡುವಷ್ಟು ಜಾಸ್ತಿ ಇದೆ. ಆರ್‌ಒ ನೀರಿನಲ್ಲಿ ಹತ್ತು ಪಟ್ಟು ತೆಳು ಮಾಡಿ ನೋಡಿದೆ. ಐವತ್ತರ ಮೇಲೆ ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ). ನಾನು ಹುಚ್ಚನ ಹಾಗೆ ನಗುತ್ತಿದ್ದೆ. ಕೊಳ ಹಸಿರು ಮಜ್ಜಿಗೆಯಾಗಿತ್ತು.

ಅವತ್ತೇ ಇನ್ನೊಂದು ಆಯಿತು, ಹೇಳದೆ ಬಿಡಬಾರದು. ಬಿಲ್ಲೆಯ ಚೂರು ಉಳಿದಿದ್ದ ಒದ್ದೆ ಮಗ್ಗಿನಲ್ಲೇ ಬ್ಲೀಚಿಂಗ್ ಪೌಡರ್ ತೆಗೆದೆ. ಚುರ್ರೆಂದಿತು, ಬಿಳಿ ಹೊಗೆ ಎದ್ದಿತು, ಗಂಟಲು ಹಿಡಿಯಿತು. ಮಗ್ಗನ್ನು ಅಂಗಳಕ್ಕೆ ಎಸೆದು ಓಡಿದೆ. ಬಯಲು, ಗಾಳಿ ಇತ್ತು, ಬಚಾವ್. ಎರಡೂ ಕ್ಲೋರಿನ್ನೇ ಅಲ್ವಾ ಅಂತ ಅನಿಸುತ್ತದೆ. ಆದರೆ ಬಿಲ್ಲೆಯಲ್ಲಿರುವ ಟ್ರೈಕ್ಲೋರ್ ಮತ್ತು ಬ್ಲೀಚಿಂಗ್ ಪೌಡರಿನ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸೇರಿದರೆ ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಈಗ ಕೆಂಪು ಮಗ್ಗು ಬಿಲ್ಲೆಗೆ, ನೀಲಿ ಮಗ್ಗು ಪುಡಿಗೆ. ಆಸಿಡ್ ಕ್ಯಾನು ಬೇರೆಯೇ ಕೋಣೆಯಲ್ಲಿ. 'ನಿಮಗೆ ತಲೆ ಸರಿ ಉಂಟಾ?' ಅಂತ ಮನೆಯವಳು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ದಿನದಿಂದ ಗೇಟಿಗೆ ಬೀಗ. ತಳದ ಡ್ರೈನ್ ಜಾಲರಿ ಕಾಣದ ನೀರಿಗೆ ಯಾರೂ ಇಳಿಯಬಾರದು, ಇದು ನಮ್ಮ ಮನೆಯ ಕಾನೂನು. ಹಸಿರು ನೀರಿನಲ್ಲಿ ಮಗು ಮುಳುಗಿದರೆ ದಡದಲ್ಲಿ ನಿಂತವರಿಗೂ ಕಾಣುವುದಿಲ್ಲ. 'ನೀವೆಲ್ಲ ತೋಟದ ಕೆರೆಯಲ್ಲಿ ಒಣ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿತದ್ದು ಯಾವ ಕ್ಲೋರಿನ್ ಹಾಕಿ ಮಗಾ?' ಅಂತ ಅಮ್ಮ. ಅದಕ್ಕೂ ಉತ್ತರ ಇರಲಿಲ್ಲ.

ಇನ್ನು ವಿಲನ್. ಸ್ಟೆಬಿಲೈಸರ್, ಅಂದರೆ ಸಯನೂರಿಕ್ ಆಸಿಡ್. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಹಿಡಿದಿಡುವ ವಸ್ತು. ಸ್ವಲ್ಪ ಇದ್ದರೆ ಉಪಕಾರಿ. ಜಾಸ್ತಿಯಾದರೆ ಕ್ಲೋರಿನ್ನನ್ನು ಎಷ್ಟು ಗಟ್ಟಿ ಹಿಡಿಯುತ್ತದೆ ಅಂದರೆ ಪಾಚಿಯನ್ನು ಕೊಲ್ಲಲು ಬಿಡುವುದೇ ಇಲ್ಲ. ಟ್ರೈಕ್ಲೋರ್ ಬಿಲ್ಲೆಯ ಒಳಗೇ ಅದು ಇರುತ್ತದೆ. 200 ಗ್ರಾಂ ಬಿಲ್ಲೆ ಒಂದು ಕರಗಿದರೆ ನನ್ನ ಕೊಳಕ್ಕೆ ಸುಮಾರು 8 ಪಿಪಿಎಂ ಕ್ಲೋರಿನ್, ಜೊತೆಗೆ 5 ಪಿಪಿಎಂ ಸ್ಟೆಬಿಲೈಸರ್. ಕ್ಲೋರಿನ್ ಖರ್ಚಾಗುತ್ತದೆ. ಇದು ಆವಿಯಾಗಿಯೂ ಹೋಗುವುದಿಲ್ಲ, ಫಿಲ್ಟರಿಗೂ ಸಿಗುವುದಿಲ್ಲ. ವಾರಕ್ಕೆ ಮೂರು ಬಿಲ್ಲೆಯಂತೆ ನವೆಂಬರಿನಿಂದ ಹಾಕಿದ್ದೇನೆ. ಲೆಕ್ಕ ನೀವೇ ಹಾಕಿ.

ಅಳೆಯುವ ಕಿಟ್ಟಿಗೆ ಅಲೆದದ್ದೇ ಒಂದು ಪುರಾಣ. ಬಿಲ್ಲೆ ಮಾರಿದ ಅಂಗಡಿಗೇ ಫೋನ್ ಮಾಡಿ 'ಸ್ಟೆಬಿಲೈಸರ್ ಟೆಸ್ಟ್ ಮಾಡುವ ಕಿಟ್ ಉಂಟಾ?' ಅಂದೆ. 'ನಿಮ್ಮ ಪಂಪಿಗೆ ಎಷ್ಟು ಕೆವಿ ಬೇಕು ಸಾರ್?' ಅಂದ. ವೋಲ್ಟೇಜ್ ಅಲ್ಲಪ್ಪಾ ಅಂತ ವಿವರಿಸಿದ ಮೇಲೆ, 'ಆ ಟೆಸ್ಟೆಲ್ಲ ಬೇಡ ಸಾರ್, ನೀರು ನೋಡಿದರೆ ಗೊತ್ತಾಗ್ತದೆ' ಅಂದ. 25 ಕಿಲೋ ಡ್ರಮ್ಮು ಮಾರುವಾಗ ಅದರೊಳಗೆ ಏನಿದೆ ಅಂತ ಒಂದು ಮಾತು ಹೇಳಬಹುದಿತ್ತು. ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ, ಬರಲು ಹದಿನಾರು ದಿನ.

ಕೊಳವೆಯ ತಳದಲ್ಲಿ ಕಪ್ಪು ಚುಕ್ಕೆ. ನೀರಿಗೆ ಔಷಧಿ ಬೆರೆಸಿದರೆ ಹಾಲಿನ ಹಾಗೆ ಕದಡುತ್ತದೆ. ಅದನ್ನು ಹೊಯ್ಯುತ್ತಾ ಚುಕ್ಕೆ ಕಾಣೆಯಾದಲ್ಲಿ ನಿಲ್ಲಿಸಿ ಅಂಕಿ ಓದಬೇಕು. ನನಗೆ ಚುಕ್ಕೆ ಬೆರಳು ಅಗಲಕ್ಕೇ ಮಾಯ. ಅಳತೆ ನೂರಕ್ಕೆ ಮುಗಿಯುತ್ತದೆ. ನಾಲ್ಕು ಪಟ್ಟು ತೆಳು ಮಾಡಿ ನೋಡಿದೆ, 75. ಅಂದರೆ ಸುಮಾರು 300! ನಮ್ಮಂಥವರು ಬಳಸುವ ಲೆಕ್ಕದಲ್ಲಿ ಸ್ಟೆಬಿಲೈಸರಿನ ಶೇ. 7.5ರಷ್ಟಾದರೂ ಕ್ಲೋರಿನ್ ಇರಬೇಕು. ನನಗೆ 22 ಪಿಪಿಎಂ ಬೇಕಿತ್ತು. ನಾನು 3 ಇಟ್ಟುಕೊಂಡು ಸುಖವಾಗಿದ್ದೆ. ಪಾಚಿ ಕೊಲ್ಲಲು ಶೇ. 40, ಅಂದರೆ 120. ನಾಲ್ಕು ಕಿಲೋ ಪೌಡರ್ ಏನೂ ಮಾಡದ್ದು ಯಾಕೆ ಅಂತ ಅವತ್ತು ಗೊತ್ತಾಯಿತು.

ಮದ್ದು ಒಂದೇ, ನೀರು ಬದಲಿಸುವುದು. ಕೊಳ ಕಟ್ಟಿದ ಕಂಟ್ರಾಕ್ಟರನ ಹುಡುಗ, 'ಪೂರ್ತಿ ಖಾಲಿ ಮಾಡಿ ತೊಳೆದುಬಿಡಿ ಸಾರ್, ಒಂದು ದಿನದ ಕೆಲಸ' ಅಂದ. ಜುಲೈ ಮೊದಲ ವಾರ. ಹೊರಗೆ ಮಳೆ ಹೊಯ್ಯುತ್ತಿದೆ. ನಾನೂ ಪಂಪು ಇಟ್ಟೆ.

ಸಂಜೆ ನೀರು ಮೊಣಕಾಲಿನ ಮಟ್ಟಕ್ಕೆ ಇಳಿದಿತ್ತು. ಟಾರ್ಚ್ ಹಿಡಿದು ಗೋಡೆ ನೋಡುತ್ತಿದ್ದೆ. ತೋಟದ ಬದಿಯ ಗೋಡೆಯಲ್ಲಿ ಎರಡು ಟೈಲಿನ ಸಂದಿಯಿಂದ ನೂಲಿನಷ್ಟು ದಪ್ಪದ ನೀರು ಬರುತ್ತಿತ್ತು. ಹೊರಗಿನಿಂದ ಒಳಕ್ಕೆ. ಮೊದಲು ಮಳೆನೀರು ಇಳಿಯುತ್ತಿದೆ ಅಂದುಕೊಂಡೆ. ಬೆರಳಿಟ್ಟರೆ ಒತ್ತಡ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಟಕ್ ಅಂತ ಸದ್ದು. ಪಕ್ಕದ ಟೈಲು ಕಿತ್ತು ನನ್ನ ಕಾಲಬುಡದಲ್ಲಿ ಬಿತ್ತು.

ಪಂಪು ನಿಲ್ಲಿಸಿ ಬಾವಿಗೆ ಓಡಿದೆ. ಬಾವಿಯಲ್ಲಿ ನೀರು ನೆಲದಿಂದ ಬರೀ 60 ಸೆಂಟಿಮೀಟರ್ ಕೆಳಗೆ. ನಮ್ಮ ಕೊಳದ ತಳ ನೆಲಮಟ್ಟದಿಂದ 1.35 ಮೀಟರ್ ಕೆಳಗಿದೆ. ಬಾವಿಯ ನೀರು ಬಾವಿಯಲ್ಲಿ ಮಾತ್ರ ಇರುವುದಲ್ಲ, ಮುರಕಲ್ಲಿನ ತೂತು ತೂತಿನಲ್ಲೂ ಅದೇ ಮಟ್ಟಕ್ಕೆ ನಿಂತಿರುತ್ತದೆ. ಪೂರ್ತಿ ಖಾಲಿ ಮಾಡಿದ್ದರೆ 18 ಚದರ ಮೀಟರ್ ತಳವನ್ನು 13 ಟನ್ನಿಗಿಂತ ಜಾಸ್ತಿ ಭಾರದಷ್ಟು ನೀರು ಅಡಿಯಿಂದ ಎತ್ತುತ್ತಿತ್ತು. ತಳ ಬಿರುಕು ಬಿಡಬಹುದಿತ್ತು. ಇಡೀ ತೊಟ್ಟಿಯೇ ದೋಣಿಯ ಹಾಗೆ ಏಳಬಹುದಿತ್ತು. ಒತ್ತಡ ಬಿಡುವ ವಾಲ್ವ್ ತಳದಲ್ಲಿ ಹಾಕಿಸಿಲ್ಲ. ಎಸ್ಟಿಮೇಟಿನಲ್ಲಿ ಅದನ್ನು ಕಡಿದವನು ನಾನೇ.

ರಾತ್ರಿಯಿಡೀ ಬಾವಿ ಪಂಪು ಹಾಕಿ ತುಂಬಿಸಿದೆ. ಮೂರು ಸಲ ಕರೆಂಟ್ ಹೋಯಿತು, ಮೂರು ಸಲವೂ ಎದ್ದು ಕೂತೆ. ಎರಡು ದಿನ ಬಿಟ್ಟು ಅಳೆದರೆ ಸ್ಟೆಬಿಲೈಸರ್ 110ಕ್ಕೆ ಇಳಿದಿತ್ತು. ಆದರೆ ಒಂದಿಷ್ಟು ಕ್ಲೋರಿನ್ ಹಾಕಿದ ತಕ್ಷಣ ಇಡೀ ಕೊಳ ಚಹಾ! ಮುರಕಲ್ಲಿನ ಕಬ್ಬಿಣ. ಮಳೆಗಾಲದ ಬಾವಿನೀರಿನಲ್ಲಿ ಕರಗಿದ್ದದ್ದು ಕ್ಲೋರಿನ್ ತಾಗಿ ತುಕ್ಕಾಗಿತ್ತು. ಹಳೆಯ ದಿಂಬು ಹರಿದು, ಅದರ ಹತ್ತಿಯನ್ನು ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಗೆ ತುರುಕಿದೆ. ನಾಲ್ಕು ದಿನದಲ್ಲಿ ಹತ್ತಿ ಇಟ್ಟಿಗೆ ಬಣ್ಣಕ್ಕೆ ಬಂತು, ನೀರು ವಾಪಸ್ ಹಸಿರಿಗೆ ಬಂತು. ಹಸಿರು ನೋಡಿ ಖುಷಿಪಟ್ಟದ್ದು ಅದೇ ಮೊದಲು.

ಇನ್ನು ಬಾವಿನೀರು ಬೇಡ. ಆಕಾಶದಿಂದ ಪುಕ್ಕಟೆ ಬೀಳುತ್ತಿದೆಯಲ್ಲ! ಅಡಿಕೆ ಒಣಗಿಸುವ ಅಂಗಳದ ಶೀಟಿನ ಮಾಡು ಸುಮಾರು 100 ಚದರ ಮೀಟರ್. ಅದರ ಮೇಲೆ 54 ಮಿಲಿಮೀಟರ್ ಮಳೆ ಬಿದ್ದರೆ 5,400 ಲೀಟರ್. ಕೊಳದಲ್ಲಿ ಸರಿಯಾಗಿ 30 ಸೆಂಟಿಮೀಟರ್. ನಮ್ಮಲ್ಲಿ ಜುಲೈಯಲ್ಲಿ ಅಷ್ಟು ಮಳೆ ಒಂದೇ ರಾತ್ರಿ ಬರುವುದುಂಟು. ಹಂಚಿನ ಮಾಡಿನ ನೀರು ತೆಗೆದುಕೊಳ್ಳಲಿಲ್ಲ, ಅದರ ಹಾವಸೆ ಮತ್ತೆ ಪಾಚಿಗೆ ಊಟ. ಮಾಡಿನ ಅಂಚಿನ ನೀರು ಹಿಡಿಯುವ ದಂಬೆಗೆ ನಾಲ್ಕಿಂಚಿನ ಪೈಪು ಕಟ್ಟಿದೆ. ಮೊದಲ ಹತ್ತು ನಿಮಿಷದ ನೀರು ಚರಂಡಿಗೆ, ಆಮೇಲೆ ಕೊಳಕ್ಕೆ.

ನಿಯಮ ಒಂದೇ: ಕೊಳದ ನೀರು ಬಾವಿಯ ನೀರಿಗಿಂತ ಕೆಳಗೆ ಹೋಗಬಾರದು. ಪೂರ್ತಿ ತುಂಬಿದಾಗ ಕೊಳದ ನೀರು ನೆಲದಿಂದ 15 ಸೆಂಟಿಮೀಟರ್ ಕೆಳಗಿರುತ್ತದೆ. 30 ತೆಗೆದರೆ 45. ಬಾವಿ 60ರಲ್ಲಿ. ಅಷ್ಟೇ ಅವಕಾಶ. ಪ್ರತಿ ಸಲವೂ ಮೊದಲು ಬಾವಿಗೆ ಕೋಲು ಇಳಿಸಿ ಅಳೆದೆ. ಎರಡು ಸಲ ಬಾವಿ ಮೇಲೆ ಬಂದಿದ್ದರಿಂದ ಸುಮ್ನೆ ಕೂತೆ. ಕಾಲುಭಾಗ ನೀರು ಮೂರು ಸಲ ಬದಲಿಸಿದೆ: 110, 83, 62, ಕೊನೆಗೆ 47. ಆಗಸ್ಟ್ ಮೊದಲ ವಾರ ಬಂದಿತ್ತು. ಇಷ್ಟರಲ್ಲಿ ಕಪ್ಪೆಗಳು ಸಂಸಾರ ಹೂಡಿದ್ದವು. ಒಂದು ಒಳ್ಳೆಹಾವು ಕಪ್ಪೆಗಳನ್ನು ವಿಚಾರಿಸಲು ಬಂದು ಹೋಯಿತು.

(ಇಲ್ಲೇ ಮುಂದಿನ ಪ್ರಾಜೆಕ್ಟು ಹುಟ್ಟಿದ್ದು. ಮಳೆಯಲ್ಲಿ ಕೊಡೆ ಹಿಡಿದು ಕೋಲು ಇಳಿಸಿ ಸಾಕಾಗಿದೆ. ಕೊಳದ ಪಕ್ಕದಲ್ಲೇ ತೂತು ಕೊರೆದ ಪಿವಿಸಿ ಪೈಪೊಂದನ್ನು ನೆಲಕ್ಕೆ ಇಳಿಸಿ, ಅದಕ್ಕೊಂದು, ಕೊಳಕ್ಕೊಂದು ಅಲ್ಟ್ರಾಸಾನಿಕ್ ಸೆನ್ಸರ್. ಎರಡರ ವ್ಯತ್ಯಾಸ ಹತ್ತು ಸೆಂಟಿಮೀಟರಿಗಿಂತ ಕಮ್ಮಿಯಾದರೆ ಖಾಲಿ ಮಾಡುವ ಪಂಪು ತಾನೇ ನಿಲ್ಲಬೇಕು. ಬೋರ್ಡು ಬಂದಿದೆ. ಸೆನ್ಸರಿನೊಳಗೆ ತೇವ ಹೋಗದಂತೆ ಮಾಡುವುದು ಹೇಗೆ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ.)

ಕೊನೆಯ ಯುದ್ಧ ದ್ರವ ಕ್ಲೋರಿನ್ನಿನದ್ದು. ಅದರಲ್ಲಿ ಸ್ಟೆಬಿಲೈಸರ್ ಇಲ್ಲ. ಕ್ಯಾನಿನ ಮೇಲೆ ಶೇ. 10 ಅಂತ ಬರೆದಿತ್ತು. ಬಂದದ್ದು ಪಿಕಪ್ಪಿನ ಹಿಂದೆ, ಬಿಸಿಲಲ್ಲಿ, ಬಿಳಿ ಕ್ಯಾನಿನಲ್ಲಿ. ಅನುಮಾನ ಬಂತು. ಸಿರಿಂಜಿನಲ್ಲಿ 1 ಮಿಲಿಲೀಟರ್ ತೆಗೆದು 10 ಲೀಟರ್ ಆರ್‌ಒ ನೀರಿಗೆ ಹಾಕಿ ನೋಡಿ. ಶೇ. 10 ನಿಜವಾಗಿದ್ದರೆ 10 ಪಿಪಿಎಂ ಬರಬೇಕು. ನನಗೆ ಬಂದದ್ದು 4. ಫೋನ್ ಮಾಡಿದರೆ 'ದಾರಿಯಲ್ಲಿ ಸ್ವಲ್ಪ ಗ್ಯಾಸ್ ಹೋಗ್ತದೆ ಸಾರ್' ಅಂದರು. ಸ್ವಲ್ಪ! ಅರ್ಧಕ್ಕಿಂತ ಜಾಸ್ತಿ ಹೋಗಿದೆ. ದುಡ್ಡು ಮಾತ್ರ ಹತ್ತರದ್ದೇ ತೆಗೆದುಕೊಂಡರು.

47ರ ಶೇ. 40 ಅಂದರೆ 19 ಪಿಪಿಎಂ. ನಾಲ್ಕರ ಶಕ್ತಿಯ ಮಾಲಿನಲ್ಲಿ ಹತ್ತು ಲೀಟರ್. ಕತ್ತಲಾದ ಮೇಲೆ ಹೊಯ್ದೆ. ಬೆಳಿಗ್ಗೆಗೆ 9 ಉಳಿದಿತ್ತು. ಮತ್ತೆ 19ಕ್ಕೆ ಏರಿಸಿದೆ. ಎರಡನೇ ರಾತ್ರಿ 14. ಮೂರನೇ ರಾತ್ರಿ 17, ನೀರು ನೀಲಿ ಹಾಲು. ನಾಲ್ಕನೇ ರಾತ್ರಿ 19 ಹತ್ತೊಂಬತ್ತಾಗಿಯೇ ಉಳಿಯಿತು. ತಿನ್ನಲು ಪಾಚಿ ಉಳಿದಿಲ್ಲ ಅಂತ ಅರ್ಥ. ಫಿಲ್ಟರ್ ಎರಡು ದಿನ ಓಡಿತು, ನಾಣ್ಯ ಕಂಡಿತು.

ಮಳೆನೀರಿಗೆ ಸಾರವೇ ಇಲ್ಲವಲ್ಲ, ಆಲ್ಕಲಿನಿಟಿ, ಅಂದರೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ, 20ಕ್ಕೆ ಬಿದ್ದಿತ್ತು. 70ಕ್ಕೆ ತರಲು 1.8 ಕಿಲೋ ಅಡುಗೆ ಸೋಡಾ ಬೇಕು. ಪೇಟೆಯ ದಿನಸಿ ಅಂಗಡಿಯಲ್ಲಿ ಕೇಳಿದರೆ, 'ಎಂತ ಅಣ್ಣ, ಗೋಳಿಬಜೆ ಹೋಟೆಲ್ ಇಡ್ತೀರಾ?' ಅಂದ. ಹೌದು, ಶನಿವಾರ ಓಪನಿಂಗ್ ಅಂದೆ. ಯಾವ ಜಾಗ ಅಂತ ಕೇಳಿದ.

ಕಿತ್ತ ಟೈಲು ಕಿಟಕಿಯ ಮೇಲಿದೆ. ಬಾವಿ ಕೆಳಗಿಳಿದ ಮೇಲೆ, ಫೆಬ್ರವರಿಯಲ್ಲಿ ಅಂಟಿಸಬೇಕು. ಉಳಿದ ಬಿಲ್ಲೆ ಅರ್ಧ ಡ್ರಮ್ಮಿದೆ, ಪರವೂರಿಗೆ ಹೋಗುವಾಗ ಹಾಕಲು ಇಟ್ಟಿದ್ದೇನೆ. ಮೂರಕ್ಕಿಂತ ಜಾಸ್ತಿ ಮುಟ್ಟುವುದಿಲ್ಲ. ಇಂದು ಸಂಜೆ ಕ್ಲೋರಿನ್ 4ಕ್ಕೆ ಇಳಿದ ಮೇಲೆ ಬೀಗ ತೆಗೆದೆ. ಮಗಳು ಮುಳುಗಿ ನಾಣ್ಯ ಎತ್ತಿಕೊಂಡು ಬಂದಳು. ವಾಪಸ್ ಕೊಡಲಿಲ್ಲ.