ಆಕೆಯ ಸಹಿಯೊಂದೇ ಸಾಕು

ನಮ್ಮ ಓಣಿಯ ಆ ಹೆಣ್ಣುಮಗಳ ಗಂಡ ತೀರಿಕೊಂಡಾಗ ಆಕೆಗೆ ನಾಲ್ಕು ತಿಂಗಳು ತುಂಬಿದ್ದವು. ದಿನಕರ್ಮಗಳು ಮುಗಿದ ಬಳಿಕ ಮೊದಲ ಮಗುವನ್ನು ಕರೆದುಕೊಂಡು ತವರಿಗೆ ಬಂದವಳು, ಈ ಬಸಿರನ್ನು ಮುಂದುವರಿಸುವುದು ತನ್ನಿಂದಾಗದು ಎಂದು ತಾನೇ ನಿರ್ಧರಿಸಿ, ಬಾಗಲಕೋಟೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ನನ್ನನ್ನು ಜೊತೆಗೆ ಕರೆದಳು. ನಾನು ವಕೀಲೆ ಎನ್ನುವುದಕ್ಕಿಂತ ಆಕೆಯ ತಾಯಿಯ ಗೆಳತಿ ಎಂಬ ಸಲುಗೆಯೇ ಅದಕ್ಕೆ ಕಾರಣವಾಗಿತ್ತು.

ಸ್ಕ್ಯಾನಿಂಗ್ ವರದಿಯಲ್ಲಿ 21 ವಾರ ಎಂದಿತ್ತು. ಕೌಂಟರಿನಲ್ಲಿದ್ದವರು ಫೈಲು ತಿರುವಿ, ಆಕೆಯ ಮುಖ ನೋಡದೆ ನನಗೇ ಹೇಳಿದರು: "ಗಂಡ ಇಲ್ಲಂದ್ರ ಮಾವನವರನ್ನ ಕರ್ಕೊಂಡು ಬರ್ರಿ ಅಕ್ಕಾರ. ಮನಿ ಹಿರಿಯರ ಸಹಿ ಇಲ್ಲದ ಏನೂ ಮಾಡಂಗಿಲ್ರಿ. ಇಲ್ಲಂದ್ರ ಕೋರ್ಟ್ ಆರ್ಡರ್ ತರ್ರಿ."

"ನನ್ನ ಸಹಿ ನಡ್ಯಂಗಿಲ್ಲೇನ್ರಿ?" ಎಂದು ಆಕೆ ಮೆಲ್ಲಗೆ ಕೇಳಿದಳು.

ನಡೆಯುತ್ತದೆ, ಅದೊಂದೇ ನಡೆಯುತ್ತದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ 3ನೇ ಕಲಮಿನ ಪ್ರಕಾರ, ಪ್ರಾಪ್ತ ವಯಸ್ಕಳೂ ಸ್ವಸ್ಥಚಿತ್ತಳೂ ಆದ ಗರ್ಭಿಣಿಯ ಒಪ್ಪಿಗೆಯ ಹೊರತು ಬೇರೆ ಯಾರ ಒಪ್ಪಿಗೆಯೂ ಬೇಕಿಲ್ಲ. ಗಂಡ ಬದುಕಿದ್ದರೂ ಅವನ ಸಹಿ ಕೇಳುವಂತಿಲ್ಲ. 2021ರ ತಿದ್ದುಪಡಿಯ ನಂತರ 20ರಿಂದ 24 ವಾರದ ಗರ್ಭಕ್ಕೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ಈ ಅವಧಿಗೆ ಅರ್ಹರಾದವರಲ್ಲಿ ಬಸಿರಿರುವಾಗಲೇ ವಿಧವೆಯಾದವಳೂ ಸೇರುತ್ತಾಳೆ ಎಂದು ನಿಯಮ 3ಬಿ ಸ್ಪಷ್ಟವಾಗಿಯೇ ಹೇಳುತ್ತದೆ.

ವೈದ್ಯೆಯ ಕೋಣೆಯಲ್ಲಿ ಬಂದ ಮೊದಲ ಪ್ರಶ್ನೆ, "ಮೊದಲನೇದು ಹೆಣ್ಣೇನ?" ಎಂಬುದು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾಯ್ದೆಯ ಭಯ ನಮ್ಮ ಕಡೆಯ ವೈದ್ಯರಲ್ಲಿ ಆಳವಾಗಿದೆ, ಆ ಕಾಯ್ದೆ ಬೇಕಾದದ್ದೇ. ಆದರೆ ಎರಡು ಬೇರೆ ಬೇರೆ ಕಾನೂನುಗಳನ್ನು ಒಂದಕ್ಕೊಂದು ಬೆರೆಸಿ ನೊಂದ ಹೆಂಗಸನ್ನು ಆರೋಪಿಯಂತೆ ನೋಡುವುದು ನ್ಯಾಯವಲ್ಲ. ಹಾಗೆಂದು ವೈದ್ಯರ ಭಯವನ್ನು ನಾನು ತಳ್ಳಿಹಾಕಲಾರೆ. ಕಾಯ್ದೆಯ ಚೌಕಟ್ಟಿನ ಹೊರಗೆ ಮಾಡಿದ ಗರ್ಭಪಾತ ಇಂದಿಗೂ ಶಿಕ್ಷಾರ್ಹ ಅಪರಾಧವೇ ಆಗಿದೆ.

ನನ್ನ ಚೀಲದಲ್ಲಿದ್ದ 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರತಿಯನ್ನು ಅವರ ಮುಂದಿಟ್ಟೆ. ಚಂದ್ರಚೂಡ್, ನಮ್ಮ ರಾಜ್ಯದವರೇ ಆದ ಬೋಪಣ್ಣ ಮತ್ತು ಪಾರ್ದಿವಾಲಾ ಅವರಿದ್ದ ಪೀಠ ನೀಡಿದ ಆ ತೀರ್ಪನ್ನು, ಅವಿವಾಹಿತೆಯರಿಗೂ 24 ವಾರದವರೆಗಿನ ಅವಕಾಶ ಕೊಟ್ಟದ್ದೆಂದೇ ಹೆಚ್ಚಿನವರು ನೆನೆಯುತ್ತಾರೆ. ಕುಟುಂಬದ ಒಪ್ಪಿಗೆ, ನ್ಯಾಯಾಲಯದ ಅನುಮತಿ ಮುಂತಾದ ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದು ಎಂದೂ ಅದರಲ್ಲಿದೆ. ಮಗುವನ್ನು ಹೆರುವ, ಹೆರದಿರುವ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಅದೇ ನ್ಯಾಯಾಲಯ 2009ರಲ್ಲೇ ಹೇಳಿತ್ತು.

ವೈದ್ಯೆ ಆ ಪುಟಗಳನ್ನು ನಿಧಾನವಾಗಿ ಓದಿ, ಇನ್ನೊಬ್ಬ ತಜ್ಞರನ್ನು ಕರೆಸಿದರು. ಅವರಿಬ್ಬರೂ ಆಕೆಯನ್ನೇ ಮಾತನಾಡಿಸಿ, ಮುಂದೇನಾಗುತ್ತದೆಂದು ವಿವರಿಸಿ, ಒಪ್ಪಿಗೆ ನಮೂನೆಯನ್ನು ಆಕೆಯ ಕೈಗೆ ಕೊಟ್ಟರು. ಆಕೆ ಪ್ರತಿಯೊಂದು ಸಾಲನ್ನೂ ಬೆರಳಿಟ್ಟು ಓದಿದ ಮೇಲೆಯೇ ಸಹಿ ಮಾಡಿದಳು. ಕೌಂಟರಿನವರು ಆಗಲೂ ಮಾವನ ಫೋನ್ ನಂಬರ್ ಕೇಳಿದಾಗ, ಹೆಸರು ಮತ್ತು ವಿವರ ಬಹಿರಂಗಪಡಿಸುವುದನ್ನು ತಡೆಯುವ 5ಎ ಕಲಮನ್ನು ವೈದ್ಯೆಯೇ ನೆನಪಿಸಿದರು.

ಗರ್ಭಪಾತಕ್ಕೆ ಮಾನ್ಯತೆ ಪಡೆದ ಪ್ರತಿ ಆಸ್ಪತ್ರೆಯ ಕೌಂಟರಿನಲ್ಲಿ, ವಯಸ್ಕ ಮಹಿಳೆಯ ಸಹಿಯೊಂದೇ ಸಾಕೆಂದು ದೊಡ್ಡ ಅಕ್ಷರದ ಕನ್ನಡ ಫಲಕ ಹಾಕಿಸಬೇಕೆಂದು ಕೋರಿ ನಾನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮನವಿ ಬರೆದೆ. ಆಕೆಯ ತಾಯಿ ಅದಕ್ಕೆ ಮೊದಲ ಸಹಿ ಹಾಕಿದಳು.